ಅಂಪೈರ್ ತೀರ್ಪಿನ ಮೇಲೆ ತಕರಾರು: ಮಕ್ಕಳ ಬೇಸ್‌ಬಾಲ್‌ನಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯಲ್ಲ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಬೇಸ್‌ಬಾಲ್ ಇನ್ನೂ ಹೊಸ ಆಟ. ಶಾಲಾ ಕ್ರೀಡೆಗಳ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಜೊತೆ ಇದರ ಹೆಸರೂ ಇದೆ. ಆದರೆ ಕಲಿಸುವ ಪಿಟಿ ಮೇಷ್ಟ್ರು ಕಬಡ್ಡಿ, ಖೋ ಖೋ, ವಾಲಿಬಾಲ್ ಆಡಿ ಬೆಳೆದವರು, ನೋಡಲು ಬರುವ ಅಪ್ಪ ಅಮ್ಮಂದಿರಿಗೆ ಗೊತ್ತಿರುವುದು ಕ್ರಿಕೆಟ್, ಅಂಪೈರ್ ಆಗಿ ನಿಂತವರು ಬಹಳ ಸಲ ಪಕ್ಕದ ಶಾಲೆಯ ಇನ್ನೊಬ್ಬ ಪಿಟಿ ಮೇಷ್ಟ್ರೇ. ಇಂಥ ಕಡೆ ಒಂದು ತೀರ್ಪು ಹೆಚ್ಚು ಕಡಿಮೆ ಆದರೆ ಸಾಕು, ಮೈದಾನದ ತುಂಬ ಗದ್ದಲ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗಾಟ ಕೇಳಿಸುತ್ತದೆ.

ಆ ಸಿಟ್ಟು ಸುಳ್ಳಲ್ಲ. ನಮ್ಮ ಬಿಸಿಲಲ್ಲಿ ಓಡಿ ಓಡಿ ಕಲಿತ ಮಗು ಒಂದು ಕೆಟ್ಟ ತೀರ್ಪಿನಿಂದ ಸೋತು ಅಳುತ್ತಾ ಕೂತರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಬೇಸ್‌ಬಾಲ್‌ನಲ್ಲಿ ದೂರು ಹೇಳೋಕೆ ನಿಯಮದಲ್ಲೇ ಪ್ರೊಟೆಸ್ಟ್ ಅನ್ನೋ ಒಂದು ದಾರಿ ಇದೆ. ಅದು ಬಹಳ ಇಕ್ಕಟ್ಟಾದ ದಾರಿ, ಸಮಯವೂ ಕಮ್ಮಿ. ಅದು ಗೊತ್ತಿಲ್ಲದೆ ಎಷ್ಟೋ ಸಲ ನ್ಯಾಯ ನಮ್ಮ ಕಡೆ ಇದ್ದರೂ ದೂರು ಬಿದ್ದುಹೋಗುತ್ತದೆ. ಆ ದಾರಿ ಹೇಗಿದೆ ಅಂತ ನೋಡೋಣ.

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಅಂಪೈರ್ ಎರಡು ಥರ ತಪ್ಪು ಮಾಡಬಹುದು. ಒಂದು, ಕಣ್ಣಿನ ತಪ್ಪು. ರನ್ನರ್ ಓಡಿ ಬೇಸ್ ಅನ್ನೋ ಗುರುತಿನ ಜಾಗ ಮುಟ್ಟಿದ್ದು ಮೊದಲೋ, ಚೆಂಡು ಬಂದದ್ದು ಮೊದಲೋ, ಪಿಚ್ (ಪಿಚರ್ ಬ್ಯಾಟರ್‌ಗೆ ಎಸೆದ ಚೆಂಡು) ಹೊಡೆಯಬಹುದಾದ ಜಾಗದಲ್ಲಿ ಬಂದ ಸ್ಟ್ರೈಕೋ ಆಚೆ ಹೋದ ಬಾಲೋ, ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೋ, ಇವೆಲ್ಲ ಅವರು ಕಂಡಂತೆ ಹೇಳುವ ಮಾತು. ಇನ್ನೊಂದು, ನಿಯಮದ ತಪ್ಪು. ಅವರು ಸರಿಯಾಗೇ ನೋಡಿದ್ದಾರೆ, ಆದರೆ ನೋಡಿದ್ದಕ್ಕೆ ಯಾವ ನಿಯಮ ಹಚ್ಚಬೇಕೋ ಅದನ್ನು ಬಿಟ್ಟು ಬೇರೆ ಏನನ್ನೋ ಹಚ್ಚಿದ್ದಾರೆ. ಕಣ್ಣಿನ ತೀರ್ಪಿನ ಮೇಲೆ ಪ್ರೊಟೆಸ್ಟ್ ನಡೆಯಲ್ಲ. ದೊಡ್ಡವರ ಬೇಸ್‌ಬಾಲ್‌ನ 8.02ನೇ ನಿಯಮ, ಅಮೆರಿಕದ ಮಕ್ಕಳ ಲಿಟಲ್ ಲೀಗ್‌ನ 9.02ನೇ ನಿಯಮ ಎರಡೂ ಇದನ್ನೇ ಹೇಳುತ್ತವೆ: ಇಂಥ ತೀರ್ಪು ಅಂತಿಮ, ಆಟಗಾರರಾಗಲಿ ಕೋಚ್ ಆಗಲಿ ಅದನ್ನು ಪ್ರಶ್ನಿಸುವಂತಿಲ್ಲ. ನಿಯಮದ ತಪ್ಪಿಗೆ ಮಾತ್ರ ಬಾಗಿಲು ತೆರೆದಿದೆ.

ಇದು ಹೇಳೋಕೆ ಸುಲಭ, ಮೈದಾನದಲ್ಲಿ ಕಷ್ಟ. ಯಾಕೆಂದರೆ ಒಂದೇ ಘಟನೆ ಎರಡೂ ಆಗಿರಬಹುದು. ಮಗು ಚೆಂಡು ಹೊಡೆದು ಮೊದಲ ಬೇಸ್ ದಾಟಿ ಮುಂದೆ ಓಡಿತು, ಸೇಫ್, ಅಂದರೆ ಔಟಲ್ಲ. ನಿಂತು ಎಡಕ್ಕೆ ತಿರುಗಿ ವಾಪಸ್ ನಡೆದು ಬರುವಾಗ ಎದುರಾಳಿ ಚೆಂಡು ಮುಟ್ಟಿಸಿದ, ಅಂಪೈರ್ ಔಟ್ ಕೊಟ್ಟರು. ಯಾಕೆ ಔಟ್ ಅಂತ ಕೇಳಿದಾಗ ಅವರು 'ಎಡಕ್ಕೆ ತಿರುಗಿದ, ಅದಕ್ಕೇ ಔಟ್' ಅಂದರೆ ಅದು ನಿಯಮದ ತಪ್ಪು. ಎಡ ಬಲ ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಮೊದಲ ಬೇಸ್ ದಾಟಿ ಓಡಿ ಕೂಡಲೇ ವಾಪಸ್ ಬರುವವರನ್ನು ಚೆಂಡು ಮುಟ್ಟಿಸಿ ಔಟ್ ಮಾಡುವಂತಿಲ್ಲ, ಎರಡನೇ ಬೇಸ್‌ಗೆ ಹೋಗುವ ಪ್ರಯತ್ನ ಮಾಡಿದರೆ ಮಾತ್ರ ಆ ರಕ್ಷಣೆ ಹೋಗುತ್ತದೆ. ಆದರೆ ಅದೇ ಅಂಪೈರ್ 'ಅವನು ಎರಡನೇ ಬೇಸ್ ಕಡೆ ಓಡೋಕೆ ಹೊರಟಿದ್ದು ನಾನು ನೋಡಿದೆ' ಅಂದರೆ ಮುಗಿಯಿತು, ಅದು ಅವರು ಕಂಡದ್ದು. ಆಟ ಒಂದೇ, ತೀರ್ಪು ಒಂದೇ, ಕೊಟ್ಟ ಕಾರಣ ಬೇರೆ. ಹಾಗಾಗಿ ಕೋಚ್ ಮೊದಲು ಮಾಡಬೇಕಾದ ಕೆಲಸ ಜಗಳ ಅಲ್ಲ, ಕಾರಣ ಕೇಳುವುದು.

'ಸರ್, ಟೈಮ್ ಕೊಡ್ರಿ. ಯಾವ ನಿಯಮದ ಪ್ರಕಾರ ಔಟ್ ಅಂದ್ರಿ, ಹೇಳ್ತೀರಾ?' ಇಷ್ಟೇ ಸಾಕು. ಅಂಪೈರ್ ಬಾಯಿಂದ ಬರುವ ಉತ್ತರದ ಮೇಲೇ ಪ್ರೊಟೆಸ್ಟ್ ನಿಲ್ಲುತ್ತದೋ ಇಲ್ಲವೋ ಅನ್ನೋದು ತೀರ್ಮಾನ ಆಗುತ್ತದೆ.

ನಮ್ಮ ಕಡೆ ನಿಯಮದ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತ ನೋಡಿದರೆ ಹೆಚ್ಚಿನವು ಕ್ರಿಕೆಟ್‌ನಿಂದ. ಕ್ರಿಕೆಟ್‌ನಲ್ಲಿ ಚೆಂಡು ಬೌಂಡರಿ ಗೆರೆ ಮುಟ್ಟಿದರೆ ಮೈದಾನದ ಆಚೆ ಹೋದಂತೆ. ಬೇಸ್‌ಬಾಲ್‌ನಲ್ಲಿ ಎರಡು ಬದಿಯ ಫೌಲ್ ಗೆರೆ ಒಳಗಿನದ್ದು, ಗೆರೆ ಮೇಲೆ ಬಿದ್ದ ಚೆಂಡು ಫೇರ್, ಅಂದರೆ ಒಳಗೆ ಬಿದ್ದದ್ದು. ಆಚೆ ಬಿದ್ದರೆ ಫೌಲ್. 'ಗೆರೆ ಮೇಲೆ ಬಿತ್ತಲ್ಲ, ಅದಕ್ಕೆ ಫೌಲ್' ಅಂತ ಅಂಪೈರ್ ಅಂದರೆ ಕೂಡಲೇ ಕೇಳಬಹುದು. 'ಗೆರೆಯಿಂದ ಆಚೆ ಬಿತ್ತು' ಅಂದರೆ ಸುಮ್ನೆ ವಾಪಸ್ ಬರಬೇಕು. ಇನ್ನೊಂದು ಕೈ ವಿಷಯ. ಕ್ರಿಕೆಟ್‌ನಲ್ಲಿ ಬ್ಯಾಟ್ ಹಿಡಿದ ಗ್ಲೌಸ್ ಬ್ಯಾಟಿನ ಭಾಗ, ಹಾಗಾಗಿ ಬೆರಳಿಗೆ ತಾಗಿದ ಚೆಂಡನ್ನು ನಮ್ಮವರು ಬ್ಯಾಟಿಗೆ ತಾಗಿದ್ದು ಅಂತ ಹಿಡಿದು ಫೌಲ್ ಕೊಡುತ್ತಾರೆ. ಬೇಸ್‌ಬಾಲ್‌ನಲ್ಲಿ ಕೈ ಅಂದರೆ ಮೈ. ಬ್ಯಾಟ್ ಬೀಸದೆ ತಪ್ಪಿಸಿಕೊಳ್ಳಲು ನೋಡಿದ ಮಗುವಿನ ಕೈಗೆ ಸ್ಟ್ರೈಕ್ ಜಾಗದ ಆಚೆಯ ಪಿಚ್ ತಾಗಿದರೆ ಮೊದಲ ಬೇಸ್ ಸಿಗಬೇಕು. ಬೀಸುವಾಗ ತಾಗಿದರೆ ಅದು ಸ್ಟ್ರೈಕ್, ಚೆಂಡು ಅಲ್ಲಿಗೆ ಡೆಡ್. ಎರಡರಲ್ಲೂ ಫೌಲ್ ಅನ್ನೋ ಮಾತೇ ಬರಲ್ಲ.

ಇನ್‌ಫೀಲ್ಡ್ ಫ್ಲೈ ಅನ್ನೋದು ಎಲ್ಲರನ್ನೂ ಗಲಿಬಿಲಿ ಮಾಡುವ ನಿಯಮ. ಒಂದನೇ ಮತ್ತು ಎರಡನೇ ಬೇಸ್‌ನಲ್ಲಿ, ಅಥವಾ ಮೂರೂ ಬೇಸ್‌ನಲ್ಲಿ ರನ್ನರ್‌ಗಳಿದ್ದು, ಎರಡು ಔಟ್ ಇನ್ನೂ ಆಗಿರದಿದ್ದಾಗ, ಒಳಗಿನ ಫೀಲ್ಡರ್ ಸುಲಭವಾಗಿ ಹಿಡಿಯಬಹುದಾದ ಎತ್ತರದ ಚೆಂಡು ಬಂದರೆ ಅವನು ಹಿಡಿಯಲಿ ಬಿಡಲಿ ಬ್ಯಾಟರ್ ಔಟ್. ಯಾಕೆ ಹೀಗೆ? ಇಲ್ಲದಿದ್ದರೆ ಫೀಲ್ಡರ್ ಬೇಕಂತಲೇ ಚೆಂಡು ಬಿಟ್ಟು, ಕ್ಯಾಚ್ ಆಗುತ್ತದೆ ಅಂತ ನಿಂತ ರನ್ನರ್‌ಗಳನ್ನು ಒಬ್ಬರ ಹಿಂದೆ ಒಬ್ಬರಂತೆ ಔಟ್ ಮಾಡಬಹುದು. ರನ್ನರ್‌ಗೆ ಮೋಸ ಆಗದಿರಲಿ ಅಂತ ಮಾಡಿದ ನಿಯಮ ಇದು. 'ಸುಲಭವಾಗಿ ಹಿಡಿಯಬಹುದಿತ್ತಾ' ಅನ್ನೋದು ಅಂಪೈರ್ ಕಣ್ಣಿಗೆ ಬಿಟ್ಟದ್ದು. ಆದರೆ ಮೊದಲ ಬೇಸ್‌ನಲ್ಲಿ ಮಾತ್ರ ರನ್ನರ್ ಇದ್ದಾಗ ಈ ನಿಯಮ ಕೂಗಿದರೆ ಅದು ಚೊಕ್ಕ ನಿಯಮದ ತಪ್ಪು, ಧೈರ್ಯವಾಗಿ ಪ್ರೊಟೆಸ್ಟ್ ಮಾಡಬಹುದು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ತಂಡ ಅಪೀಲ್ ಮಾಡದೆ ಅಂಪೈರ್ ಔಟ್ ಕೊಡಲ್ಲ. ಬೇಸ್‌ಬಾಲ್‌ನಲ್ಲಿ ಅಂಪೈರ್ ತಾನಾಗೇ ಔಟ್ ಅನ್ನುತ್ತಾರೆ. ಆದರೆ ಕೆಲವು ವಿಷಯಗಳಲ್ಲಿ ಇಲ್ಲೂ ಬಾಯಿ ಬಿಡಲ್ಲ: ರನ್ನರ್ ಬೇಸ್ ಮುಟ್ಟದೆ ದಾಟಿದಾಗ, ಕ್ಯಾಚ್ ಹಿಡಿಯುವ ಮೊದಲೇ ಬೇಸ್ ಬಿಟ್ಟು ಓಡಿದಾಗ, ಬ್ಯಾಟಿಂಗ್ ಸರದಿ ತಪ್ಪಿದಾಗ. ಅಂಪೈರ್ ಕಣ್ಣಾರೆ ನೋಡಿರುತ್ತಾರೆ, ಆದರೂ ಎದುರು ತಂಡ ಮುಂದಿನ ಪಿಚ್‌ಗೆ ಮೊದಲು ಕೇಳುವವರೆಗೆ ಸುಮ್ಮನಿರುತ್ತಾರೆ. ಕಟ್ಟೆ ಮೇಲೆ ಕೂತವರು 'ಅಂಪೈರ್ ಕುರುಡ' ಅಂತ ಕೂಗುವುದು ಬಹಳ ಸಲ ಇಲ್ಲೇ. ಅವರು ಕುರುಡರಲ್ಲ, ನಿಯಮ ಅವರ ಬಾಯಿ ಕಟ್ಟಿದೆ. ನಿಮ್ಮ ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ಮುಟ್ಟಿ ಕೇಳಬೇಕಿತ್ತು, ಕೇಳಲಿಲ್ಲ.

ಈಗ ಸಮಯದ ಮಾತು. ಇದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಸರಿಯಾದ ದೂರುಗಳು ಸಾಯುವುದು ಇಲ್ಲೇ. ಲಿಟಲ್ ಲೀಗ್‌ನ 4.19ನೇ ನಿಯಮದ ಪ್ರಕಾರ ಪ್ರೊಟೆಸ್ಟ್ ಮಾಡುವ ಹಕ್ಕು ತಂಡದ ಮ್ಯಾನೇಜರ್‌ಗೆ ಮಾತ್ರ. ಅವರು ಇಲ್ಲದಿದ್ದರೆ ಕೋಚ್‌ಗೆ. ಅದನ್ನು ತಕ್ಷಣ, ಮುಂದಿನ ಆಟ ಶುರುವಾಗುವ ಮೊದಲೇ ಅಂಪೈರ್‌ಗೆ ಹೇಳಬೇಕು. ಇನ್ನಿಂಗ್ಸ್ ಮುಗಿಯಲಿ, ಪಂದ್ಯ ಮುಗಿಯಲಿ ಅಂತ ಕಾದರೆ ಕಥೆ ಮುಗಿಯಿತು. ಒಂದು ಪಿಚ್ ಹೋದರೂ ಹೋಯಿತು. ಹೇಳಿದ ಮೇಲೆ ಅಂಪೈರ್ ತನ್ನ ಜೊತೆಗಾರರನ್ನು ಕೇಳಬೇಕು. ತನ್ನದು ತಪ್ಪು ಅಂತ ಮನವರಿಕೆ ಆದರೆ ಅಲ್ಲೇ ತೀರ್ಪು ಬದಲಿಸಬೇಕು. ಆಗದಿದ್ದರೆ 'ಈ ಪಂದ್ಯ ಪ್ರೊಟೆಸ್ಟ್ ಮೇಲೆ ನಡೆಯುತ್ತಿದೆ' ಅಂತ ಘೋಷಿಸಬೇಕು. ಅವರು ಘೋಷಿಸಲು ಮರೆತರೂ ನಿಮ್ಮ ಪ್ರೊಟೆಸ್ಟ್ ಬಿದ್ದುಹೋಗಲ್ಲ. ನೀವು ಹೇಳಿದ್ದು ಮುಖ್ಯ. ಆಮೇಲೆ 24 ಗಂಟೆಯೊಳಗೆ ಬರವಣಿಗೆಯಲ್ಲಿ ಲೀಗ್ ಅಧ್ಯಕ್ಷರಿಗೆ ಕೊಡಬೇಕು.

ಇದು ವಾರಕ್ಕೊಂದು ಎರಡು ಪಂದ್ಯ ಆಡುವ ಅಮೆರಿಕದ ಊರ ಲೀಗ್‌ಗಳ ಲೆಕ್ಕ. ನಮ್ಮ ತಾಲ್ಲೂಕು, ಜಿಲ್ಲಾ ಕೂಟಗಳು ಹಾಗಲ್ಲ. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಸೆಮಿಫೈನಲ್, ಸಂಜೆ ಹೊತ್ತಿಗೆ ಫೈನಲ್, ಗೆದ್ದವರು ಕಲಬುರಗಿ ವಿಭಾಗ ಮಟ್ಟಕ್ಕೆ. ಇಲ್ಲಿ 24 ಗಂಟೆ ಕಾದರೆ ಕಪ್ ಯಾರದೋ ಮನೆ ಸೇರಿರುತ್ತದೆ. ಲಿಟಲ್ ಲೀಗ್ ಕೂಡ ತನ್ನ ಟೂರ್ನಿಗಳಿಗೆ ಇದೇ ಕಾರಣಕ್ಕೆ ಬೇರೆ ನಿಯಮ ಇಟ್ಟಿದೆ. ಅಲ್ಲಿ ತಕರಾರನ್ನು ಆಟ ಮುಂದುವರಿಯುವ ಮೊದಲೇ ಇತ್ಯರ್ಥ ಮಾಡಬೇಕು. ನಮಗೂ ಅದೇ ಸರಿ. ಕೂಟ ನಡೆಸುವವರು ಮೂವರ ಒಂದು ಸಮಿತಿಯನ್ನು ಬೆಳಿಗ್ಗೆಯೇ ಹೆಸರಿಸಲಿ. ಆ ಪಂದ್ಯದ ಅಂಪೈರ್ ಆಗಲಿ, ಆಡುವ ಎರಡು ತಂಡದ ಮೇಷ್ಟ್ರಾಗಲಿ ಅದರಲ್ಲಿ ಇರಬಾರದು. ನಿಯಮ ಪುಸ್ತಕ ಕೈಯಲ್ಲಿ ಇಟ್ಟುಕೊಂಡು ಮೈದಾನದಲ್ಲೇ ಹತ್ತು ನಿಮಿಷದಲ್ಲಿ ಮುಗಿಸಲಿ. ಕೆಲವು ಕೂಟಗಳಲ್ಲಿ ಪ್ರೊಟೆಸ್ಟ್‌ಗೆ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ದೂರು ಸರಿ ಅಂತ ಆದರೆ ವಾಪಸ್ ಕೊಡುತ್ತಾರೆ. ಎಷ್ಟು, ಯಾರ ಹತ್ತಿರ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸರ್ಕಾರಿ ಶಾಲೆ ಮೇಷ್ಟ್ರ ಜೇಬಲ್ಲಿ ಆ ದುಡ್ಡು ಇಲ್ಲ ಅಂತ ಒಂದು ನ್ಯಾಯವಾದ ದೂರು ಬಿದ್ದುಹೋಗಬಾರದು ಅಲ್ವಾ?

ಪ್ರೊಟೆಸ್ಟ್ ಗೆದ್ದರೆ ಏನಾಗುತ್ತದೆ? ಪಂದ್ಯ ನಿಮ್ಮದಾಗಲ್ಲ. ತಪ್ಪು ಎಲ್ಲಿ ಆಯಿತೋ ಅದೇ ಜಾಗದಿಂದ ಆಟ ಮತ್ತೆ ಶುರುವಾಗುತ್ತದೆ. ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 1983ರ ಜುಲೈ 24ರಂದು ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ಮತ್ತು ಕಾನ್ಸಾಸ್ ಸಿಟಿ ರಾಯಲ್ಸ್ ಆಡುತ್ತಿದ್ದವು. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್. ರಾಯಲ್ಸ್‌ನ ಜಾರ್ಜ್ ಬ್ರೆಟ್ ಹೋಮ್ ರನ್ (ಚೆಂಡು ಮೈದಾನದ ಆಚೆ ಹೋಗುವ ಹೊಡೆತ) ಹೊಡೆದು ತಂಡವನ್ನು 5-4 ಮುಂದೆ ತಂದರು. ಯಾಂಕೀಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಎದ್ದು ಬಂದು, ಬ್ರೆಟ್ ಬ್ಯಾಟಿಗೆ ಹಿಡಿತಕ್ಕಾಗಿ ಹಚ್ಚಿದ ಪೈನ್ ಮರದ ಅಂಟು 18 ಇಂಚಿಗಿಂತ ಜಾಸ್ತಿ ಇದೆ ಅಂದರು. ಅಂಪೈರ್‌ಗಳು ಅಳೆದು ನೋಡಿದರು, ಜಾಸ್ತಿ ಇತ್ತು. ಬ್ರೆಟ್ ಔಟ್, ಪಂದ್ಯ ಮುಗಿಯಿತು ಅಂದರು. ರಾಯಲ್ಸ್ ಪ್ರೊಟೆಸ್ಟ್ ಮಾಡಿತು. ಅಮೆರಿಕನ್ ಲೀಗ್ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ಅದನ್ನು ಒಪ್ಪಿದರು: ಅಂಟು ಜಾಸ್ತಿಯಾದರೆ ಬ್ಯಾಟನ್ನು ಆಟದಿಂದ ತೆಗೆಯಬೇಕೇ ಹೊರತು ಹೊಡೆದವನನ್ನು ಔಟ್ ಮಾಡುವುದು ಆ ನಿಯಮದ ಉದ್ದೇಶ ಅಲ್ಲ. ಹೋಮ್ ರನ್ ವಾಪಸ್ ಬಂತು. ಆಗಸ್ಟ್ 18ರಂದು ಅದೇ ಜಾಗದಿಂದ ಆಟ ಮುಂದುವರಿದು ರಾಯಲ್ಸ್ 5-4ರಲ್ಲೇ ಗೆದ್ದಿತು.

ನೋಡಿ, ಅಂಪೈರ್ ಅಳತೆ ತಪ್ಪಿರಲಿಲ್ಲ. ಅಳತೆ ತಪ್ಪಿದ್ದರೆ ಪ್ರೊಟೆಸ್ಟ್ ನಿಲ್ಲುತ್ತಿರಲಿಲ್ಲ. ಅಳೆದ ಮೇಲೆ ಕೊಟ್ಟ ಶಿಕ್ಷೆ ತಪ್ಪಿತ್ತು. ಇದರಲ್ಲಿ ಇನ್ನೊಂದು ಪಾಠವೂ ಇದೆ. ಆಟ ಮತ್ತೆ ಶುರುವಾದ ದಿನ ಬೇರೆ ಅಂಪೈರ್‌ಗಳು ಇದ್ದರು. ಬ್ರೆಟ್ ಅವತ್ತು ಎಲ್ಲಾ ಬೇಸ್ ಮುಟ್ಟಿರಲಿಲ್ಲ ಅಂತ ಮಾರ್ಟಿನ್ ಅಪೀಲ್ ಮಾಡಿದರು. ಈ ಅಂಪೈರ್‌ಗಳು ಅದನ್ನು ನೋಡಿಯೇ ಇರಲಿಲ್ಲವಲ್ಲ! ಆದರೆ ಲೀಗ್‌ನವರು ಇದನ್ನು ಮೊದಲೇ ಯೋಚಿಸಿ, ಬ್ರೆಟ್ ಬೇಸ್‌ಗಳನ್ನು ಮುಟ್ಟಿದ್ದರು ಅಂತ ಹಳೆಯ ಅಂಪೈರ್‌ಗಳಿಂದ ಸಹಿ ಮಾಡಿಸಿದ ಪತ್ರ ಕೊಟ್ಟು ಕಳಿಸಿದ್ದರು. ಬರೆದಿಟ್ಟ ಕಾಗದ ಇದ್ದದ್ದಕ್ಕೆ ವಾದ ಅಲ್ಲೇ ನಿಂತಿತು.

ಅದಕ್ಕೇ ಸ್ಕೋರರ್ ಬಹಳ ಮುಖ್ಯ. ನಮ್ಮಲ್ಲಿ ಆಡೋಕೆ ಜಾಗ ಸಿಗದ ಹುಡುಗ ಹುಡುಗಿಯರನ್ನು ಸ್ಕೋರ್ ಬರೆಯಲು ಕೂರಿಸುತ್ತೇವೆ, ಅವರು ಬರೆದದ್ದನ್ನು ಯಾರೂ ನೋಡಲ್ಲ. ಪ್ರೊಟೆಸ್ಟ್ ಬಂದಾಗ ಪೂರ್ತಿ ಆ ಪುಸ್ತಕದ ಮೇಲೆ ನಿಲ್ಲುತ್ತದೆ. ಯಾವ ಇನ್ನಿಂಗ್ಸ್, ಎಷ್ಟು ಔಟ್, ಯಾವ ಬೇಸ್‌ನಲ್ಲಿ ಯಾರು, ಬಾಲ್ ಎಷ್ಟು ಸ್ಟ್ರೈಕ್ ಎಷ್ಟು, ಬ್ಯಾಟ್ ಮಾಡುತ್ತಿದ್ದವರು ಯಾರು, ಪಿಚ್ ಮಾಡುತ್ತಿದ್ದವರು ಯಾರು. ಇವು ಗೊತ್ತಿಲ್ಲದೆ ಅದೇ ಜಾಗದಿಂದ ಆಟ ಹೇಗೆ ಶುರು ಮಾಡುತ್ತೀರಿ? ದೂರಿನ ಕಾಗದದಲ್ಲೂ ಇವೇ ಬೇಕು. ಜೊತೆಗೆ ಅಂಪೈರ್ ಹೇಳಿದ ಕಾರಣ ಅವರ ಮಾತಲ್ಲೇ, ಯಾವ ನಿಯಮಕ್ಕೆ ವಿರುದ್ಧ, ನೀವು ಯಾವಾಗ ಹೇಳಿದಿರಿ. ಅಂಪೈರ್ ಯಾವ ಶಾಲೆಯವರು, ಯಾರ ಸಂಬಂಧಿ, ಹೋದ ವರ್ಷ ಏನು ಮಾಡಿದ್ದರು ಅನ್ನೋದೆಲ್ಲ ಬರೆದರೆ ಸಮಿತಿಯವರು ಓದುವುದನ್ನೇ ನಿಲ್ಲಿಸುತ್ತಾರೆ.

ಅನರ್ಹ ಆಟಗಾರರ ವಿಷಯ ಸ್ವಲ್ಪ ಬೇರೆ. ವಯಸ್ಸು ಮೀರಿದವನು, ಬೇರೆ ಶಾಲೆಯವನು, ಅಥವಾ ಪಿಚ್ ಮಿತಿ ಮುಗಿದ ಪಿಚರ್ ಆಡುತ್ತಿದ್ದರೆ ಅದಕ್ಕೆ ಮುಂದಿನ ಪಿಚ್ ಅನ್ನೋ ಗಡುವು ಇಲ್ಲ. ಲಿಟಲ್ ಲೀಗ್‌ನಲ್ಲಿ ಪಂದ್ಯ ಮುಗಿದು ಅಂಪೈರ್‌ಗಳು ಮೈದಾನ ಬಿಡುವ ಮೊದಲು ಹೇಳಿದರೆ ಸಾಕು. ಪಿಚ್ ಮಿತಿ ಸಣ್ಣ ವಿಷಯ ಅಲ್ಲ. ಅಲ್ಲಿ 11-12 ವರ್ಷದ ಮಗು ದಿನಕ್ಕೆ 85 ಪಿಚ್‌ಗಿಂತ ಹೆಚ್ಚು ಹಾಕುವಂತಿಲ್ಲ, 9-10 ವರ್ಷದವರಿಗೆ 75. ಬೆಳೆಯುವ ಮೊಣಕೈ, ಭುಜ ಹಾಳಾಗಬಾರದು ಅಂತ. ನಮ್ಮಲ್ಲಿ ತಂಡಕ್ಕೊಬ್ಬನೇ ಒಳ್ಳೆ ಪಿಚರ್ ಇರುತ್ತಾನೆ, ಅವನ ಕೈಯಲ್ಲೇ ಬೆಳಿಗ್ಗೆಯಿಂದ ಸಂಜೆವರೆಗೆ ಹಾಕಿಸುತ್ತಾರೆ. ಎದುರಾಳಿ ತಂಡದ ಮಗುವಿನ ಪಿಚ್ ಎಣಿಸಿ ದೂರು ಕೊಡುವುದು ಹೊಟ್ಟೆಕಿಚ್ಚಲ್ಲ, ಆ ಮಗುವಿಗೇ ಒಳ್ಳೆಯದು.

ವಯಸ್ಸಿನ ಮೋಸದ ದೊಡ್ಡ ಪ್ರಕರಣ 2001ರ ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ದು. ನ್ಯೂಯಾರ್ಕ್‌ನ ಬ್ರಾಂಕ್ಸ್ ತಂಡದ ಪಿಚರ್‌ಗೆ 12 ಅಂತ ದಾಖಲೆ ಇತ್ತು, ನಿಜವಾಗಿ 14. ಗೊತ್ತಾದ ಮೇಲೆ ತಂಡದ ಗೆಲುವುಗಳೆಲ್ಲ ರದ್ದಾದವು. ನಿಷೇಧ ಬಿದ್ದದ್ದು ಹುಡುಗನ ತಂದೆ ಮತ್ತು ತಂಡ ನಡೆಸಿದವರ ಮೇಲೆ. ನಮ್ಮಲ್ಲೂ ಜನನ ಪ್ರಮಾಣಪತ್ರದ ದೂರು ಕೊಡುವಾಗ ಇದನ್ನು ನೆನಪಿಡಬೇಕು. ಕಾಗದ ತಿದ್ದಿದ್ದು ದೊಡ್ಡವರು. ಹುಡುಗನನ್ನು ಮೈದಾನದ ನಡುವೆ ನಿಲ್ಲಿಸಿ 'ನಿನಗೆಷ್ಟು ವಯಸ್ಸೋ' ಅಂತ ನಾಲ್ಕು ಜನ ಕೇಳುವುದು ಸರಿಯಲ್ಲ. ಕಾಗದ ಸಮಿತಿ ಮುಂದೆ ಹೋಗಲಿ.

ಹಾಗಾದರೆ ಕಣ್ಣಿನ ತಪ್ಪಿಗೆ ಏನೂ ಮಾಡೋಕೆ ಆಗಲ್ಲವಾ? ಸ್ವಲ್ಪ ಮಾಡಬಹುದು. 'ಸರ್, ಫೀಲ್ಡರ್ ಚೆಂಡು ಬಿಟ್ಟದ್ದು ನಿಮಗೆ ಕಾಣದೆ ಇರಬಹುದು, ಜೊತೆ ಅಂಪೈರ್‌ನ ಒಂದ್ಸಲ ಕೇಳ್ತೀರಾ?' ಅಂತ ಕೋಚ್ ಕೇಳಬಹುದು. ಕೇಳುವುದು ಬಿಡುವುದು ತೀರ್ಪು ಕೊಟ್ಟವರ ಇಷ್ಟ. ಅವರು ಕೇಳದೆ ಇನ್ನೊಬ್ಬ ಅಂಪೈರ್ ತಾನಾಗಿ ಬಾಯಿ ಹಾಕುವಂತಿಲ್ಲ, ಅದೂ ನಿಯಮವೇ. ಅಪ್ಪಂದಿರು ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಹಿಡಿದು ಓಡಿ ಬರುತ್ತಾರೆ. ಟೂರ್ನಿ ನಿಯಮದಲ್ಲಿ ವಿಡಿಯೊಗೆ ಜಾಗ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ಗೇ ವಿಡಿಯೊ ಬಂದದ್ದು 2008ರಲ್ಲಿ. ದೊಡ್ಡವರ ಮೇಜರ್ ಲೀಗ್‌ನಲ್ಲಿ 2014ರಿಂದ ಹೆಚ್ಚಿನ ತೀರ್ಪುಗಳಿಗೆ ರೀಪ್ಲೇ ಇದೆ, 2020ರಿಂದ ಅಲ್ಲಿ ಪ್ರೊಟೆಸ್ಟ್ ಅನ್ನೋದನ್ನೇ ತೆಗೆದುಹಾಕಿದ್ದಾರೆ. ಕ್ಯಾಮೆರಾ ಇಲ್ಲದ ನಮ್ಮ ಮೈದಾನಗಳಿಗೆ ಹಳೆಯ ಪದ್ಧತಿಯೇ ಗತಿ, ಅದನ್ನು ಸರಿಯಾಗಿ ನಡೆಸಿದರೆ ಸಾಕು.

2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಪಿಚರ್ ಅರ್ಮಾಂಡೊ ಗಲರಾಗ ಸತತವಾಗಿ 26 ಜನರನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟಾದರೆ ಒಬ್ಬರೂ ಬೇಸ್ ತಲುಪದ ಪರ್ಫೆಕ್ಟ್ ಗೇಮ್. 27ನೇ ಆಟಗಾರ ಸ್ಪಷ್ಟವಾಗಿ ಔಟ್ ಇದ್ದರೂ ಅಂಪೈರ್ ಜಿಮ್ ಜಾಯ್ಸ್ ಸೇಫ್ ಅಂದುಬಿಟ್ಟರು. ಪಂದ್ಯದ ನಂತರ ವಿಡಿಯೊ ನೋಡಿ ಜಾಯ್ಸ್ ತಪ್ಪು ಒಪ್ಪಿಕೊಂಡರು, ಕ್ಷಮೆ ಕೇಳಿದರು. ತೀರ್ಪು ಮಾತ್ರ ಬದಲಾಗಲಿಲ್ಲ. ಮರುದಿನ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಕೊಡಲು ಮೈದಾನಕ್ಕೆ ಬಂದವರು ಗಲರಾಗ. ತೆಗೆದುಕೊಳ್ಳುವಾಗ ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪ್ರೊಟೆಸ್ಟ್ ನಡೆಯದ ತೀರ್ಪು ಅಂದರೆ ಏನು ಅಂತ ಮಕ್ಕಳಿಗೆ ಹೇಳಲು ನಾನು ಇದಕ್ಕಿಂತ ಒಳ್ಳೆ ಪಂದ್ಯ ಕಂಡಿಲ್ಲ. ತಪ್ಪು ತಪ್ಪೇ ಆಗಿ ಉಳಿಯಿತು, ಜಾಯ್ಸ್ ಅದನ್ನು ಮುಚ್ಚಲಿಲ್ಲ, ಗಲರಾಗ ಅವರನ್ನು ಬೈಯಲಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ನೀವು ಗೆರೆ ದಾಟಿ ಒಳಗೆ ಬಂದರೆ ನಿಮ್ಮ ಕೋಚ್ ಹೇಳಬೇಕಾದ ಮಾತು ಆ ಗದ್ದಲದಲ್ಲಿ ಅಂಪೈರ್‌ಗೆ ಕೇಳಿಸಲ್ಲ, ಅಷ್ಟರಲ್ಲಿ ಮುಂದಿನ ಪಿಚ್ ಹೋಗಿರುತ್ತದೆ.

ಕೊನೆಗೆ, ನಮ್ಮ ಮೈದಾನಗಳ ಮಾತು. ಪ್ರೊಟೆಸ್ಟ್ ಕಮ್ಮಿ ಮಾಡುವ ಕೆಲಸ ಪಂದ್ಯಕ್ಕೆ ಮೊದಲೇ ಶುರುವಾಗುತ್ತದೆ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹತ್ತಿರ ಎರಡೂ ಕೋಚ್ ಮತ್ತು ಅಂಪೈರ್ ಸೇರಿ ಆ ಮೈದಾನದ ನಿಯಮ ಮಾತಾಡಿಕೊಳ್ಳಬೇಕು. ಆತಿಥೇಯ ತಂಡ ಹೇಳಿದ್ದನ್ನು ಎದುರು ತಂಡ ಒಪ್ಪದಿದ್ದರೆ ಅಂಪೈರ್ ತೀರ್ಮಾನಿಸುತ್ತಾರೆ. ನಮ್ಮ ಕಡೆ ಬಹಳ ಮೈದಾನಗಳಿಗೆ ಬೇಲಿಯೇ ಇಲ್ಲ. ಚೆಂಡು ಜಾಲಿ ಗಿಡದೊಳಗೆ ಹೋದರೆ ಎಷ್ಟು ಬೇಸ್? ನಿಲ್ಲಿಸಿದ ಬೈಕ್‌ಗಳ ಕೆಳಗೆ ಉರುಳಿದರೆ? ಪಕ್ಕದಲ್ಲೇ ನಡೆಯುವ ಕ್ರಿಕೆಟ್‌ನವನು ಚೆಂಡು ಎತ್ತಿ ಕೊಟ್ಟರೆ? ಸುಣ್ಣದ ಗೆರೆ ಅಳಿಸಿಹೋದ ಮೇಲೆ ಫೇರ್ ಫೌಲ್ ಯಾರು ನೋಡುತ್ತಾರೆ? ಯಾವ ನಿಯಮ ಪುಸ್ತಕ, ಯಾವ ವರ್ಷದ್ದು, ಪ್ರೊಟೆಸ್ಟ್ ಯಾರಿಗೆ ಕೊಡಬೇಕು? ಐದು ನಿಮಿಷದ ಮಾತು ಇದು. ಮಾತಾಡಿದ್ದನ್ನು ಸ್ಕೋರ್ ಪುಸ್ತಕದ ಮೊದಲ ಪುಟದಲ್ಲಿ ಬರೆದು ಇಬ್ಬರು ಕೋಚ್‌ಗಳ ಸಹಿ ಹಾಕಿಸಿ, ಆಮೇಲೆ ಮೊದಲ ಪಿಚ್ ಹಾಕಿಸಿ.